ಹೋಳಿಗೆ ಕಮೆನ್ಸ್ ಆಗುವುದಿಲ್ಲ

ಮೊನ್ನೆ ಗೋಕಾವಿಯಲ್ಲಿ ಮೋಟಾರಿಗೆ ಕಾಯುತ್ತ ಕುಳಿತು ಒಂದು ಪೊಟ್ಟಣ ಹುರಿದ ಶೇಂಗಾ ತಿಂದೆ. ಶೇಂಗಾ ಮುಗಿದವು, ಮೋಟಾರು ಹೊರಡಲಿಲ್ಲ, ಕೈಯಲ್ಲಿ ಪೊಟ್ಟಣದ ಕಾಗದ ಉಳಿಯಿತು. ನಾಲ್ಕು ಅಕ್ಷರ ಕಲಿತವರಿಗೆ ಇದೊಂದು ರೋಗ ನೋಡಿ: ಎಮ್ಮೆಯ ಬೆನ್ನ ಮೇಲೆ ಬರೆದಿದ್ದರೂ ಓದಿಯೇ ಮುಂದೆ ಹೋಗಬೇಕು. ಕಾಗದ ಬಿಡಿಸಿದೆ. ಯಾವುದೋ ಇಂಗ್ಲಿಷ್ ನೋಟೀಸು. ಯಾರು, ಏನು, ಎಲ್ಲಿ, ಯಾವಾಗ ಎಂಬುದೆಲ್ಲ ಹರಿದುಹೋಗಿ, ನಟ್ಟನಡುವೆ ಒಂದೇ ಒಂದು ಶಬ್ದ ಇಡಿಯಾಗಿ ಉಳಿದಿತ್ತು: ‘ಕಮೆನ್ಸ್’. ಶುರುವಾಗುವುದು ಅಂತ ಅದರ ಅರ್ಥ.

ನನಗೆ ಮೈ ಉರಿಯಿತು. ನೋಟೀಸಿನಲ್ಲಿ ಅಷ್ಟೆಲ್ಲ ಬಡಪಾಯಿ ಶಬ್ದಗಳಿದ್ದವಲ್ಲ, ಅವೆಲ್ಲ ಹರಿದವು, ಇದಕ್ಕೆ ಮಾತ್ರ ಒಂದು ಗೀರೂ ಬಿದ್ದಿಲ್ಲ. ಶೇಂಗಾದ ಎಣ್ಣೆ ಹತ್ತಿ ಇನ್ನಷ್ಟು ಮಿರುಗುತ್ತ ನನ್ನನ್ನೇ ನೋಡುತ್ತಿತ್ತು. ಮೋಟಾರಿನ ಡ್ರೈವರು ಎದುರಿನ ಚಹದಂಗಡಿಯಲ್ಲಿ ಕಾಲು ಚಾಚಿ ಕೂತಿದ್ದ. “ಎಷ್ಟೊತ್ತಿಗೆ ಬಿಡ್ತೀರಿ?” ಅಂದರೆ, “ಬಿಟ್ಟಾಗ ಬಿಡೂದ್ರಿ” ಅಂದ. ನೀವೇ ಹೇಳಿ, ಇಂಥ ಊರಿಗೆ ಆ ಶಬ್ದ ಯಾಕೆ ಬೇಕು?

ನಿಜ ಹೇಳಬೇಕೆಂದರೆ, ನಮ್ಮ ಕಡೆ ಒಂದು ಕೆಲಸ ಶುರುವಾಗುವುದಕ್ಕೆ ಶಬ್ದದ ಹಂಗೇ ಇಲ್ಲ. ನಮ್ಮ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳೆಂದರೆ ಮನೆಯಲ್ಲಿದ್ದ ಗಂಡಸರೆಲ್ಲ ಹೊರಗೆ ಓಡಬೇಕು, ಸಾರಿಸುವುದು ಶುರುವಾಯಿತು ಅಂತ ಅರ್ಥ. ನಮ್ಮೂರು ಮೂಡಲಗಿಯ ದರ್ಜಿ ಹುಸೇನಸಾಬ ಬಟ್ಟೆಯನ್ನು ಹಾಸಿ, ಗೆರೆ ಎಳೆದು, ಕತ್ತರಿ ಹಿಡಿದು, “ಬಿಸ್ಮಿಲ್ಲಾ” ಅನ್ನುತ್ತಾನೆ. ಅಂದದ್ದು ಮುಗಿಯುವಷ್ಟರಲ್ಲಿ ಬಟ್ಟೆ ಎರಡಾಗಿರುತ್ತದೆ. ಅದು ದೇವರ ಹೆಸರು, ಅದಕ್ಕೊಂದು ತೂಕ ಉಂಟು. ಅದೇ ಅವನು ‘ಕಮೆನ್ಸ್’ ಅಂತ ಕತ್ತರಿ ಹಿಡಿದಿದ್ದರೆ ನನ್ನ ಅಂಗಿಗೆ ಇಂದಿಗೂ ತೋಳು ಬರುತ್ತಿರಲಿಲ್ಲ.

ಈ ಶಬ್ದವನ್ನು ನಮ್ಮ ಮನೆಯೊಳಗೆ ತಂದವನು ಸಂಗಪ್ಪಕಾಕಾ, ಅಪ್ಪನ ತಮ್ಮ. ಹುಕ್ಕೇರಿಯ ಕಚೇರಿಯಲ್ಲಿ ಕಾರಕೂನನಾಗಿದ್ದ. ಕಪ್ಪು ಕೋಟು, ಮೂಗಿನ ತುದಿಗೆ ಜಾರಿದ ಚಾಳೀಸು, ಕಿವಿಯ ಮೇಲೆ ಟಾಕು. ಅವನಿಗೆ ಯಾವುದೂ ಸುಮ್ಮನೆ ಶುರುವಾಗುತ್ತಿರಲಿಲ್ಲ, ಎಲ್ಲವೂ ಕಮೆನ್ಸ್ ಆಗಬೇಕು. ರಜೆ ಕಮೆನ್ಸ್ ಆಗುತ್ತಿತ್ತು, ಮಳೆ ಕಮೆನ್ಸ್ ಆಗುತ್ತಿತ್ತು, ಅವನ ಹೆಂಡತಿ ಕಾಕೂನ ನೆಗಡಿ ಕಮೆನ್ಸ್ ಆಗುತ್ತಿತ್ತು. ಒಮ್ಮೆ ನಮ್ಮ ಎಮ್ಮೆ ಈಯುವ ಹೊತ್ತಿಗೆ ಅವನು ಬಾಗಿಲಲ್ಲಿ ನಿಂತು, “ವೈನಿ, ಕಮೆನ್ಸ್ ಆತೇನ್ರಿ?” ಅಂದಿದ್ದ. ಎಮ್ಮೆ ಅವನ ಕಡೆ ನೋಡಿದ ನೋಟವನ್ನು ನಾನು ಇವತ್ತಿಗೂ ಮಾಡಿ ತೋರಿಸಬಲ್ಲೆ.

ಹೌದು, ಅದು ನನ್ನ ಉದ್ಯೋಗ. ಇನ್ನೊಬ್ಬರ ಹಾಗೆ ನಡೆಯುವುದು, ನುಡಿಯುವುದು, ಕೆಮ್ಮುವುದು. ಬೇರೆ ಯಾವ ಉದ್ಯೋಗವೂ ನನಗೆ ಬಂದಿರಲಿಲ್ಲ. ಗೋಕಾವಿಯ ಇಂಗ್ಲಿಷ್ ಸಾಲೆಗೆ ಹಾಕಿದ್ದರು. ಮ್ಯಾಟ್ರಿಕ್ಕಿಗೆ ಎರಡು ಸಲ ಕುಳಿತೆ, ಎರಡೂ ಸಲ ಇಂಗ್ಲಿಷಿನಲ್ಲೇ ಬಿದ್ದೆ. ಇಂಗ್ಲಿಷ್ ಮಾಸ್ತರರ ದನಿ, ನಶ್ಯದ ಸೀನು, ಬೆತ್ತ ಎತ್ತುವ ಕೈ, ಎಲ್ಲ ಬಂತು. ಅವರು ಕಲಿಸಿದ್ದು ಮಾತ್ರ ಬರಲಿಲ್ಲ. ಮೂಡಲಗಿಗೆ ಮರಳಿ ಊರ ಅಗಸಿಬಾಗಿಲ ಕಟ್ಟೆಯ ಮೇಲೆ ಕೂತರೆ ಹತ್ತು ಜನ ಸುತ್ತ ಸೇರುತ್ತಿದ್ದರು. “ಈರ್ಯಾ, ನಿಮ್ಮ ಕಾಕಾನ್ನ ಮಾಡು.” “ಈರ್ಯಾ, ಹುಸೇನಸಾಬನ್ನ ಮಾಡು.” ಕಡೆಗೆ ಎಲ್ಲರೂ ಒಂದನ್ನೇ ಕೇಳುವರು: “ಈರ್ಯಾ, ನಿಮ್ಮಪ್ಪನ್ನ ಮಾಡಲೇ.”

ಅಪ್ಪನಿಗೆ ‘ಸ’ ಬರುತ್ತಿರಲಿಲ್ಲ. ಉಳಿದದ್ದೆಲ್ಲ ಸರಾಗ. ‘ಸ’ ಬಂದಲ್ಲಿ, ‘ಶ’ ಬಂದಲ್ಲಿ, ನಾಲಿಗೆ ಹಲ್ಲಿಗೆ ಅಂಟಿ ನಿಂತುಬಿಡುವುದು. ಆತ ಬೆಲ್ಲದ ವ್ಯಾಪಾರಿ, ದಿನಕ್ಕೆ ನೂರು ಜನರೊಂದಿಗೆ ಮಾತಾಡುವವನು. ಹಾಗಾಗಿ ‘ಸ’ ಇಲ್ಲದ ಒಂದು ಕನ್ನಡವನ್ನೇ ಕಟ್ಟಿಕೊಂಡಿದ್ದ. ಸಕ್ಕರೆಗೆ ‘ಬಿಳೇ ಬೆಲ್ಲ’. ಸೋಮವಾರಕ್ಕೆ ‘ರವಿವಾರದ ಮರುದಿನ’. ಯಾರಾದರೂ “ಶರಣ್ರಿ” ಅಂದರೆ ಎರಡೂ ಕೈ ಎತ್ತಿ ಮುಗಿದು ತಲೆ ಬಾಗಿಸುವನು. ಊರವರು ಅದನ್ನು ವಿನಯ ಅನ್ನುತ್ತಿದ್ದರು. ತಮ್ಮನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, “ಏ ಕಾರಕೂನಾ” ಅನ್ನುವನು. ನನಗೆ ಅಜ್ಜನ ಹೆಸರು ಇಡಬೇಕಿತ್ತು, ಹಿರೇಮಗನಿಗೆ ಅದೇ ಪದ್ಧತಿ. ಅಜ್ಜನ ಹೆಸರು ಸಿದ್ದಪ್ಪ. ಅಪ್ಪ ಹಟ ಹಿಡಿದು ಈರಪ್ಪ ಅಂತ ಇಟ್ಟ. ಅಜ್ಜ ಒಂದು ವರ್ಷ ಸಿಟ್ಟಾಗಿದ್ದನಂತೆ. ಯಾಕೆ ಹಟ ಹಿಡಿದನೆಂದು ನಾನು ಎಂದೂ ವಿಚಾರ ಮಾಡಿರಲಿಲ್ಲ. ಕಟ್ಟೆಯ ಮೇಲೆ ಕೂತು ಅವನ ‘ಸ’ವನ್ನು ಮಾಡಿ ತೋರಿಸುವುದರಲ್ಲಿ ನಾನು ಬಹಳ ಗಡಿಬಿಡಿಯಲ್ಲಿದ್ದೆ.

ಮೂರು ವರ್ಷದ ಹಿಂದೆ ತಂಗಿ ನೀಲಾಳಿಗೆ ಕೌಜಲಗಿಯ ಮನೆತನವೊಂದು ಕೂಡಿಬಂತು. ಹುಡುಗ ಹೊಲ ಮಾಡುವವನು, ಪೇಪರು ಓದುವವನು. ನೋಡಲು ಬಂದಾಗ ನೀಲಾ ಕದದ ಸಂದಿಯಿಂದ ನೋಡಿ, ಯಾರೂ ಕೇಳದೆಯೇ ಅವ್ವನ ಮುಂದೆ “ಹೂಂ” ಅಂದುಬಿಟ್ಟಿದ್ದಳು. ಇನ್ನು ಉಳಿದದ್ದು ಬೀಗರ ಊಟ. ಗಂಡಿನ ಕಡೆಯ ಹಿರಿಯರು ಹೆಣ್ಣಿನ ಮನೆಯಲ್ಲಿ ಕೂತು ಉಂಡರೆ ಸಂಬಂಧ ಗಟ್ಟಿ. ಉಣ್ಣದೆ ಎದ್ದರೆ ಮುಗಿಯಿತು.

ನಮ್ಮ ಪಂಕ್ತಿಯ ಪದ್ಧತಿ ನಿಮಗೆ ಗೊತ್ತಲ್ಲ. ಉಪ್ಪಿನಿಂದ ತುಪ್ಪದವರೆಗೆ ಎಲ್ಲ ಬಡಿಸಿ ಆಗಬೇಕು. ಆಮೇಲೆ ಮನೆಯ ಯಜಮಾನ ನಡುವೆ ನಿಂತು, ಕೈ ಮುಗಿದು, “ಸಾವಕಾಶ ಆಗಲ್ರಿ” ಅನ್ನಬೇಕು. ಅಲ್ಲಿಯವರೆಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದಿರಲಿ, ಒಬ್ಬನೂ ತಾಟಿಗೆ ಕೈ ಹಾಕುವುದಿಲ್ಲ. ಯಜಮಾನನ ತಮ್ಮ ಅಂದರೆ ನಡೆಯದು, ಮಗ ಅಂದರೆ ನಡೆಯದು. ಅಜ್ಜ ಇರುವ ತನಕ ಆತನೇ ಅನ್ನುತ್ತಿದ್ದ. ಅಪ್ಪ ಬಡಿಸುವ ನೆಪದಲ್ಲಿ ಅಡಿಗೆಮನೆ ಸೇರುತ್ತಿದ್ದ. ಅಜ್ಜ ತೀರಿಕೊಂಡ ಮೇಲೆ ನಮ್ಮಲ್ಲಿ ಪಂಕ್ತಿ ಕೂತಿರಲಿಲ್ಲ. ಈಗ ಕೂಡುತ್ತದೆ. ಅನ್ನಬೇಕಾದವನು ಅಪ್ಪ. ಅನ್ನಬೇಕಾದದ್ದರ ಮೊದಲ ಅಕ್ಷರವೇ ‘ಸಾ’.

ಇದು ಸಾಲದೆಂಬಂತೆ ಬೀಗರ ಹಿರಿಯ ಗುರಪ್ಪಜ್ಜ ಇಂಥ ವಿಷಯದಲ್ಲಿ ಬಲು ಬಿಗಿ ಎಂದು ಸುದ್ದಿ. ಯಾವುದೋ ಊರಲ್ಲಿ ಯಜಮಾನ ತಾನೇ ಬಂದು ಆ ಮಾತು ಅನ್ನಲಿಲ್ಲವೆಂದು ಬಡಿಸಿದ ತಾಟು ಬಿಟ್ಟು ಎದ್ದು ಬಂದಿದ್ದನಂತೆ. ಅವ್ವನಿಗೆ ಇನ್ನೂ ಒಂದು ಹೆದರಿಕೆ. “ಇವರದು ನಾಲಿಗಿ ತೊಡರತೈತಿ ಅಂತ ಅವರಿಗೆ ಗೊತ್ತಾದ್ರ, ನಾಳೆ ನೀಲಾನ ಹೊಟ್ಯಾಗ ಹುಟ್ಟಿದ್ದಕ್ಕೂ ಹಂಗ ಆದೀತು ಅಂದಾರು.”

ಆಗ ಕಾಕಾ ಹುಕ್ಕೇರಿಯಿಂದ ಬಂದ, ಚಾಳೀಸು ಮೇಲೇರಿಸಿದ.

“ಅಣ್ಣಾ, ನಿನಗ ‘ಕ’ ಅನ್ನಾಕ ಏನರ ತ್ರಾಸ ಐತೇನು?”

ಅಪ್ಪ ವಿಚಾರ ಮಾಡಿದ. “ಕಬ್ಬು. ಕಟಿಗಿ. ಕಲ್ಲೋಳಿ.” ನನ್ನ ಕಡೆ ನೋಡಿದ. “ಕತ್ತಿ. ಇಲ್ಲ, ಬರತೈತಿ.” ನಮ್ಮ ಕಡೆ ಕತ್ತೆಗೆ ಕತ್ತಿ ಅನ್ನುತ್ತಾರೆಂದು ಬೇರೆ ಹೇಳಬೇಕಾಗಿಲ್ಲ.

“ಹಂಗಾರ ಆತು ಬಿಡು. ‘ಕಮೆನ್ಸ್’ ಅನ್ನು.”

“ಹಂಗಂದ್ರ?”

“ಚಾಲೂ ಮಾಡ್ರಿ ಅಂತ. ಭಾಳ ಮಾನದ ಶಬ್ದ. ಸಾಹೇಬ್ರ ಮುಂದ ಇದರ ಹೊರತು ಒಂದ ಕಡ್ಡಿ ಅಲಗಾಡೂದಿಲ್ಲ. ಬೀಗರೂ ದಂಗಾಗ್ತಾರ, ಬೆಲ್ಲದಂಗಡ್ಯಾಂವ ಇಂಗ್ಲಿಷ್ ಮಾತಾಡಿದ ಅಂತ.”

ಅವ್ವ ಒಲೆಯ ಮುಂದಿನಿಂದ, “ಉಣ್ರಿ ಅಂದ್ರ ಆಗೂದಿಲ್ಲೇನು ಸಂಗಪ್ಪ? ‘ಉ’ ಅಂತೂ ಬರತೈತಿ ಅವರಿಗೆ” ಅಂದಳು.

“ವೈನಿ, ಬೀಗರೇನು ಕಬ್ಬ ಕಡ್ಯಾಕ ಬಂದ ಆಳೇನ್ರಿ, ಉಣ್ರಿ ಅಂತ ಹುಕುಮ ಮಾಡಾಕ?”

ನನಗೆ ತಡೆಯಲಾಗಲಿಲ್ಲ. ಮ್ಯಾಟ್ರಿಕ್ ಬಿದ್ದವನಿಗೂ ಒಂದು ಅಭಿಮಾನ ಇರುತ್ತದೆ. ನಮ್ಮ ಇಂಗ್ಲಿಷ್ ಮಾಸ್ತರರು ಕಲಿಸಿದ್ದರಲ್ಲಿ ನನ್ನ ತಲೆಯಲ್ಲಿ ಉಳಿದ ಒಂದೇ ಪಾಠ ಇದು. “ಬಿಗಿನ್ ಅಂದರೆ ಧೋತರ ಉಟ್ಟುಕೊಂಡು ಶುರು ಮಾಡುವುದು, ಕಮೆನ್ಸ್ ಅಂದರೆ ಕೋಟು ತೊಟ್ಟು, ಗುಂಡಿ ಹಾಕಿಕೊಂಡು ಶುರು ಮಾಡುವುದು” ಅನ್ನುತ್ತಿದ್ದರು. ಕೋರ್ಟಿನ ಖಟ್ಲೆ ಕಮೆನ್ಸ್ ಆಗುತ್ತದೆ, ಪರೀಕ್ಷೆ ಕಮೆನ್ಸ್ ಆಗುತ್ತದೆ, ದೊಡ್ಡ ಸಭೆ ಕಮೆನ್ಸ್ ಆಗುತ್ತದೆ; ಮಗು ಅಳುವುದು, ನಾಯಿ ಬೊಗಳುವುದು, ಮನುಷ್ಯ ಉಣ್ಣುವುದು ಎಲ್ಲ ಬಿಗಿನ್. ನಾನು ಇದನ್ನೆಲ್ಲ ಅವರದೇ ದನಿಯಲ್ಲಿ, ನಶ್ಯದ ಸೀನಿನ ಸಮೇತ ಹೇಳಿ, “ಹೋಳಿಗಿ ಕಮೆನ್ಸ್ ಆಗೂದಿಲ್ಲ ಕಾಕಾ” ಅಂತ ಮುಗಿಸಿದೆ.

ಕಾಕಾ ಚಾಳೀಸಿನ ಮೇಲಿಂದ ನೋಡಿದ. “ಹೌದಪಾ. ನಿನಗ ಇಂಗ್ಲಿಷಿನ್ಯಾಗ ಮಾರ್ಕ ಬೀಳೂದು ಯಾವಾಗ ಕಮೆನ್ಸ್ ಆಗತೈತಿ?”

ಅವ್ವ ನಕ್ಕಳು, ನೀಲಾ ನಕ್ಕಳು. ಅಪ್ಪ ನಗಲಿಲ್ಲ. ಬಾಯಲ್ಲೇ ಮೆಲ್ಲಗೆ “ಕಮೆನ್ಸ್” ಅಂದು ನೋಡಿದ. ಬಂತು. ಮತ್ತೊಮ್ಮೆ ಅಂದ. ಮತ್ತೂ ಬಂತು. ಅವನ ಮುಖ ಅರಳಿದ್ದನ್ನು ಕಂಡು ನಾನು ಬಾಯಿ ಮುಚ್ಚಿಕೊಂಡೆ. ಶಬ್ದದ ಕೊನೆಗೆ ಒಂದು ‘ಸ್’ ಇತ್ತಲ್ಲ ಅಂತೀರಾ? ಮುಂದಿನ ಬಂಡಿ ಹೋದರೆ ಹಿಂದಿನದು ತಾನೇ ಹೋಗುತ್ತಿತ್ತು. ಅವನಿಗೆ ತ್ರಾಸು ಇದ್ದದ್ದು ಮೊದಲ ಅಕ್ಷರದ್ದು.

ಮೂರು ವಾರ. ಮೂರು ವಾರ ನಮ್ಮ ಮನೆಯಲ್ಲಿ ಬೆಳಗಾದರೆ ಕಮೆನ್ಸ್, ಬೈಗಾದರೆ ಕಮೆನ್ಸ್. ಅಪ್ಪ ದನ ಕಟ್ಟುವ ಮನೆಗೆ ಹೋಗಿ, ರುಮಾಲು ಸರಿಪಡಿಸಿಕೊಂಡು, ಎತ್ತುಗಳ ಮುಂದೆ ಕೈ ಮುಗಿದು “ಕಮೆನ್ಸ್” ಅನ್ನುತ್ತಿದ್ದ. ಎತ್ತುಗಳು ಅದಕ್ಕೂ ಮೊದಲೇ ಮೇವು ತಿನ್ನುತ್ತಿದ್ದವು. ಕಾಕಾ ರವಿವಾರ ರವಿವಾರ ಬಂದು ಪರೀಕ್ಷೆ ತೆಗೆದುಕೊಳ್ಳುವನು. “ಎದಿ ಮ್ಯಾಲ ಮಾಡು ಅಣ್ಣಾ. ಕಮೆನ್ಸ್ ಅನ್ನಾಗ ಮೋತಿ ಹಂಗ ಸಪ್ಪಗ ಇರಬಾರದು.” ನನಗೋ ತಲೆ ಕೆಟ್ಟುಹೋಯಿತು. ಒಂದು ಹೋಳಿಗೆ ಮುರಿಯುವುದಕ್ಕೆ ಇಷ್ಟು ತಾಲೀಮೇ? ಪೈಲವಾನರೂ ಇಷ್ಟು ಮಾಡುವುದಿಲ್ಲ.

ತಲೆ ಕೆಟ್ಟವನು ಏನು ಮಾಡುತ್ತಾನೆ? ಕಟ್ಟೆಗೆ ಹೋಗುತ್ತಾನೆ. ಹೋದೆ. ಅಪ್ಪ ಎತ್ತುಗಳಿಗೆ ಕೈ ಮುಗಿದದ್ದನ್ನು ಮಾಡಿದೆ. ಕಮೆನ್ಸ್ ಹೇಳಿದ್ದನ್ನು ಮಾಡಿದೆ. ಬೀಗರ ಮುಂದೆ ಅದು ಮರೆತು ‘ಸಾ’ಕ್ಕೆ ಸಿಕ್ಕಿಬಿದ್ದರೆ ಹೇಗಾದೀತೆಂದು ಅದನ್ನೂ ಮಾಡಿದೆ: “ಸಾ-ಸಾ-ಸಾ-ಸಾ”, ಕಣ್ಣು ಮುಚ್ಚಿ, ಗದ್ದ ನಡುಗಿಸಿ. ಒಬ್ಬ ನಕ್ಕು ನಕ್ಕು ಕಟ್ಟೆಯಿಂದ ಕೆಳಗೆ ಬಿದ್ದ. ಅಂದು ನನ್ನಂಥ ಕಲಾವಿದ ಮೂಡಲಗಿಯಲ್ಲಿ ಹುಟ್ಟಿಲ್ಲ ಅನಿಸಿತು.

ಮನೆಗೆ ಬಂದರೆ ನೀಲಾ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು.

“ಊರ ಮಂದೀನ ನಗಸಾಕ ನಿನಗ ಅಪ್ಪನ ಬಾಯಿನ ಬೇಕಾತೇನಣ್ಣಾ?”

“ಸುಮ್ನ ಚ್ಯಾಷ್ಟಿ...”

“ಆ ದಿನಾ ಅಪ್ಪ ನಿಂತಲ್ಲೆ ನಿಂತನಂದ್ರ, ನಾ ಕೌಜಲಗಿಗೆ ಹೋಗೂದ ಮುಗೀತು. ಆಗೂ ಮಾಡಿ ತೋರಸು, ಚ್ಯಾಷ್ಟಿ.”

ಊಟದ ದಿನದವರೆಗೂ ಅವಳು ನನ್ನೊಂದಿಗೆ ಮಾತು ಬಿಟ್ಟಳು.

ಆ ದಿನ ಬಂತು. ಕೌಜಲಗಿಯಿಂದ ಮೂರು ಬಂಡಿ ಬಂದವು. ಮಧ್ಯಾಹ್ನ ಪಡಸಾಲೆಯಲ್ಲಿ ಎರಡು ಸಾಲು ಕೂತವು. ಉಪ್ಪು, ಚಟ್ನಿ, ಕೋಸಂಬರಿ, ಬದನೆಕಾಯಿ ಎಣ್ಣೆಗಾಯಿ, ಹೋಳಿಗೆ, ಕಟ್ಟಿನ ಸಾರು. ತುಪ್ಪದ ತಂಬಿಗೆ ಹಿಡಿದವನು ನಾನು. ಕೊನೆಯ ತಾಟಿಗೆ ತುಪ್ಪ ಬಿದ್ದ ಕೂಡಲೆ ಅಪ್ಪ ನಡುವೆ ಬಂದು ನಿಂತ. ಹೊಸ ರುಮಾಲು. ಕಾಕಾ ಕಂಬದ ಹಿಂದೆ ನಿಂತು ಎದೆ ಉಬ್ಬಿಸಿ ತೋರಿಸಿದ. ಅಪ್ಪನೂ ಉಬ್ಬಿಸಿದ. ಕೈ ಮುಗಿದ. ಬಾಯಿ ತೆರೆದ.

ಅಷ್ಟರಲ್ಲಿ ಮೊದಲ ತಾಟಿನ ಮುಂದೆ ಕೂತ ಗುರಪ್ಪಜ್ಜ ತಲೆ ಎತ್ತಿ, “ಬಸಲಿಂಗಪ್ಪನವರ, ನಿಮ್ಮ ತಂದಿಯವರ ಬಾಯಾಗಿನ ಮಾತ ಕೇಳಿ ಇದ ಪಡಸಾಲ್ಯಾಗ ಎರಡ ಸಲ ಉಂಡೇನಿ ನಾ. ಎಂಥಾ ದನಿ ಅವರದು! ಹೂಂ, ನೀವೂ ಅನ್ರಿ, ಕೇಳೂಣು” ಅಂದ.

ಮುದುಕ ಒಳ್ಳೆಯ ಮನಸ್ಸಿನಿಂದಲೇ ಅಂದ. ಆದರೆ ಮೂರು ವಾರದ ತಾಲೀಮು ಅಲ್ಲಿಗೆ ಮಣ್ಣುಪಾಲಾಯಿತು. ಅಜ್ಜನ ಹೆಸರು ಬಂದ ಮೇಲೆ ಅಪ್ಪನಿಂದ ‘ಕಮೆನ್ಸ್’ ಅನ್ನಲಾಗಲಿಲ್ಲ. ಅವನ ಮುಖದಲ್ಲೇ ಕಂಡಿತು: ತನ್ನ ಅಪ್ಪನ ಮಾತನ್ನೇ ಅನ್ನಬೇಕೆಂದು ಮನಸ್ಸು ಮಾಡಿಬಿಟ್ಟ.

“ಸಾ...” ಅಂದ. ನಿಂತ. “ಸಾ... ಸಾ...”

ತಾಟುಗಳ ಮೇಲೆ ಮೂವತ್ತು ಕೈ ಕಾದವು. ಹೋಳಿಗೆಯ ಮೇಲೆ ತುಪ್ಪ ಹೆಪ್ಪುಗಟ್ಟತೊಡಗಿತು. ಕಂಬದ ಹಿಂದಿನಿಂದ ಕಾಕಾ, “ಕಮೆನ್ಸ್, ಅಣ್ಣಾ, ಕಮೆನ್ಸ್” ಅಂತ ಪಿಸುಗುಟ್ಟಿದ. ಅಪ್ಪ ಕಣ್ಣು ಮುಚ್ಚಿದ. ಗದ್ದ ನಡುಗಿತು. ಕಾಕಾನಿಗೆ ತಡೆಯಲಾಗಲಿಲ್ಲ, ತಾನೇ ಮುಂದೆ ಬಂದು, ಕಚೇರಿಯ ಸಿಪಾಯಿ ಕೂಗುವ ಹಾಗೆ, “ಕಮೆನ್ಸ್!” ಅಂದ.

ಒಂದು ಕೈಯೂ ಅಲುಗಲಿಲ್ಲ. ಅರ್ಥವಾಗಲಿಲ್ಲ ಅಂತಲ್ಲ, ಅಷ್ಟು ಹೊತ್ತಿನಲ್ಲಿ ಏನಂದರೂ ಅರ್ಥವಾಗುತ್ತಿತ್ತು. ಅದು ಯಜಮಾನನ ಬಾಯಿಂದ ಬಂದಿರಲಿಲ್ಲ, ಅಷ್ಟೇ. ಗುರಪ್ಪಜ್ಜ ತಾಟಿನಿಂದ ಕೈ ಹಿಂದೆ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡ. ಅಡಿಗೆಮನೆಯ ಬಾಗಿಲಲ್ಲಿ ನೀಲಾಳ ಬಳೆ ಒಮ್ಮೆ ಸದ್ದಾಗಿ ನಿಂತಿತು.

ಆಗ ನನಗೆ ಹೊಳೆಯಿತು: ನಾನು ಅಪ್ಪನ ಬೆನ್ನ ಹಿಂದೆಯೇ ನಿಂತಿದ್ದೇನೆ. ಅಪ್ಪನ ದನಿ ನನಗೆ ಬರುತ್ತದೆ. ಅಪ್ಪನ ಬಾಯಿ ತೆರೆದೇ ಇದೆ. ನಾನು ಅಂದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಜನ್ಮದಲ್ಲಿ ಒಂದು ಸಲವಾದರೂ ಈ ವಿದ್ಯೆ ಉಪಯೋಗಕ್ಕೆ ಬರಲಿ ಎಂದು ತುಪ್ಪದ ತಂಬಿಗೆ ಬಿಗಿಯಾಗಿ ಹಿಡಿದು, ಅಪ್ಪನ ದನಿ ತೆಗೆದೆ.

“ಸಾ-ಸಾ-ಸಾ-ಸಾ...”

ಏನು ಹೇಳಲಿ ನಿಮಗೆ. ನಾನು ಅಪ್ಪನ ದನಿ ಕಲಿತದ್ದೇ ಅಷ್ಟು. ವರ್ಷಗಟ್ಟಲೆ ಅವನ ತೊಡರನ್ನು ಮಾತ್ರ ಮಾಡಿದ್ದೆ. ತೊಡರಿನ ಆಚೆಗೆ ಅವನು ಹೇಗೆ ಮಾತಾಡುತ್ತಾನೆಂದು ನಾಲಿಗೆಗೆ ಗೊತ್ತೇ ಇರಲಿಲ್ಲ. ಕಟ್ಟೆಯ ಮೇಲೆ ಹೇಗೆ ಬರುತ್ತಿತ್ತೋ ಹಾಗೆಯೇ ಬಂತು, ಗದ್ದದ ನಡುಕದ ಸಮೇತ. ಕೌಜಲಗಿಯವರ ಎರಡೂ ಸಾಲು ನನ್ನ ಕಡೆ ತಿರುಗಿದವು. ಕಾಕಾ ಚಾಳೀಸು ತೆಗೆದು ಕಣ್ಣು ಮುಚ್ಚಿಕೊಂಡ.

ಅಪ್ಪ ತಿರುಗಿದ. ತನ್ನ ತೊಡರನ್ನು ಅವನು ಹೊರಗಿನಿಂದ ಕೇಳಿದ್ದು ಅದೇ ಮೊದಲ ಸಲ ಇರಬೇಕು. ಮುಖ ಕೆಂಪಾಯಿತು. ಆಮೇಲೆ ಪಡಸಾಲೆ ನಡುಗುವ ಹಾಗೆ ಒಂದು ದನಿ ಬಂತು.

“ಬಂದ್ ಮಾಡೋ ಹಲ್ಕಟ್ ನನ ಮಗನ! ತುಪ್ಪಾ ಬಡಸೂದ ಬಿಟ್ಟ ಅಪ್ಪನ್ನ ಅಣಕಸ್ತಿ? ಏ ಕಾರಕೂನಾ, ನಿಂದೂ ಸಾಕ ಮಾಡು, ಮೂರ ವಾರ ತಲಿ ತಿಂದಿ!” ಅದೇ ಉಸಿರಿನಲ್ಲಿ ಪಂಕ್ತಿಯ ಕಡೆ ತಿರುಗಿದ. “ನೀವೇನ್ರಿ ನೋಡಾಕತ್ತೀರಿ? ಹೋಳಿಗಿ ಆರಿ ಹೊಂಟಾವು, ಉಣ್ರಿ!”

ಆಳುಗಳಿಗೆ ಹೇಳುವ ಮಾತು. ಬೀಗರಿಗೆ, ಹುಕುಮಿನ ಹಾಗೆ. ಅಂದ ಮೇಲೆ ಅಪ್ಪನಿಗೂ ಅರಿವಾಗಿ ಕೈ ಬಾಯಿಗೆ ಹೋಯಿತು. ಗುರಪ್ಪಜ್ಜ ಅಪ್ಪನನ್ನು ನೋಡಿದ, ನನ್ನನ್ನು ನೋಡಿದ, ತಾಟನ್ನು ನೋಡಿದ. ಮಂಡಿಯ ಮೇಲಿನ ಕೈ ನಿಧಾನವಾಗಿ ಎದ್ದಿತು. ಹೋಳಿಗೆಯ ಒಂದು ತುಣುಕು ಮುರಿದು ತುಪ್ಪಕ್ಕೆ ಒತ್ತಿದ.

“ಯಜಮಾನ್ರು ಅಂದಾರ. ಉಣ್ರೋ” ಅಂದ ತನ್ನವರಿಗೆ. “ಖರೇನ ಆರಾಕತ್ತಾವು.”

ಮೂವತ್ತು ಕೈ ಒಮ್ಮೆಲೆ ಇಳಿದವು. ಮತ್ತೆ ಎರಡು ಸಲ ಹೋಳಿಗೆ ಸುತ್ತಿದವು. ಕೈ ತೊಳೆಯುವಾಗ ನೀರು ಹಾಕುತ್ತಿದ್ದ ನನಗೆ ಗುರಪ್ಪಜ್ಜ ಮೆಲ್ಲಗೆ ಅಂದ, “ತಮ್ಮಾ, ನಕಲಿ ಚಲೋ ಮಾಡ್ತಿ. ಆದ್ರ ನಿಮ್ಮಪ್ಪನ ಸಿಟ್ಟ ನಿನಗ ಬರೂದಿಲ್ಲ, ನೋಡ್ಕೋ.” ಅವರು ಬಂಡಿ ಹತ್ತುವ ಮೊದಲು ಸಂಬಂಧ ಗಟ್ಟಿಯಾಯಿತು. ಕಾಕಾ ಮಾತ್ರ, “ನಾ ಕಮೆನ್ಸ್ ಅಂದದ್ದಕ್ಕ ಅಣ್ಣಗ ಧೈರ್ಯ ಬಂತು” ಅಂತ ಹುಕ್ಕೇರಿ ತುಂಬ ಹೇಳಿಕೊಂಡು ತಿರುಗಿದ. ತಿರುಗಲಿ. ಅವನನ್ನು ತಡೆಯಲು ಯಾರಿಂದ ಆಗುತ್ತದೆ?

ಎಲ್ಲರೂ ಹೋದ ಮೇಲೆ ಉಳಿದವರು ಅಪ್ಪ ಮತ್ತು ನಾನು. ಅವ್ವ ಇಬ್ಬರ ಮುಂದೆ ತಾಟು ಇಟ್ಟು ಒಳಗೆ ಹೋದಳು. ಅಪ್ಪ ನನ್ನ ಕಡೆ ನೋಡಿರಲಿಲ್ಲ. ನಾನು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಹೊಟ್ಟೆ ಹಸಿದು ಒದ್ದಾಡುತ್ತಿತ್ತು. ಆದರೆ ಅವನು ಕೈ ಹಾಕದೆ ನಾನು ಹೇಗೆ ಹಾಕಲಿ? ಅವನೂ ಹಾಕಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ರುಮಾಲು ತೆಗೆದು ಬದಿಗಿಟ್ಟು ನನ್ನ ಕಡೆ ತಿರುಗಿದ. ಸಿಟ್ಟು ಇಳಿದಿತ್ತು, ಹಾಗಾಗಿ ತೊಡರು ಮರಳಿ ಬಂದಿತ್ತು.

“ಸಾ...” ಅಂದ.

ನನ್ನ ನಾಲಿಗೆ ತುದಿಗೆ ಉಳಿದ ಅಕ್ಷರಗಳೆಲ್ಲ ಬಂದು ಕೂತವು. ಹಲ್ಲು ಕಚ್ಚಿದೆ.

“ಸಾ... ಸಾವ...”

ಅವನು ನಿಂತ. ಉಸಿರು ಎಳೆದುಕೊಂಡ. ನಾನು ಅವನ ಬಾಯಿ ನೋಡಲಿಲ್ಲ, ಗದ್ದ ನೋಡಲಿಲ್ಲ, ತಾಟನ್ನೇ ನೋಡುತ್ತ ಕೂತೆ. ಹೋಳಿಗೆ ತಣ್ಣಗಾಯಿತು. ತುಪ್ಪ ಬೆಳ್ಳಗಾಯಿತು. ಅಂಗಳದಲ್ಲಿ ಕೌಜಲಗಿಯವರ ಎತ್ತುಗಳು ಬಿಟ್ಟುಹೋದ ಮೇವಿನ ಕಾಳಿಗೆ ಗುಬ್ಬಿಗಳು ಜಗಳಾಡಿ, ಜಗಳ ಮುಗಿಸಿ ಹೋದವು.

“...ಕಾಶ ಆಗಲಿ” ಅಂದ ಅಪ್ಪ.

ಆಮೇಲೆ ಇಬ್ಬರೂ ಉಂಡೆವು.